ಅದು ಏನು ಕೊಯ್ದಿದೆ, ಮೊದಲು ಕೇಳಿ

ಚಳ್ಳಕೆರೆಯ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿ, ದೇವರ ಮಂಟಪ ಎಲ್ಲ ಆಗುತ್ತವೆ. ಆದರೆ ಅನ್ನ ಹುಟ್ಟುವುದು ಹೆಚ್ಚಾಗಿ ಮೊಳಕಾಲ್ಮೂರಿನ ಮಗ್ಗಗಳಿಂದ. ಗುಂಡಿಮಗ್ಗದ ಕಂಬಕ್ಕೆ ಗೆದ್ದಲು ಹತ್ತಿದರೆ, ಲಾಳಿ ಓಡುವ ಹಲಗೆ ಬಾಗಿದರೆ, ಜಕಾರ್ಡ್ ಹೊರುವ ತೊಲೆ ಬಿರುಕು ಬಿಟ್ಟರೆ ಅಲ್ಲಿಂದ ಫೋನ್ ಬರುತ್ತದೆ. ಇಂಥ ಕೆಲಸಕ್ಕೆ ಟೇಬಲ್ ಗರಗಸ ಇಲ್ಲದೆ ನಡೆಯುವುದಿಲ್ಲ. ಹೊಸದಕ್ಕೆ ಕೈ ಹಾಕುವ ಶಕ್ತಿ ಮನೆಯಲ್ಲೇ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಹಳೆಯದನ್ನು ಕೊಳ್ಳುವುದು, ರಿಪೇರಿ ಮಾಡಿ ಓಡಿಸುವುದು, ಕೊಳ್ಳಲು ಹೊರಟವರ ಜೊತೆ ಹೋಗಿ ನೋಡಿಕೊಡುವುದು ನನಗೆ ಅರ್ಧ ಕಸುಬೇ ಆಗಿದೆ. ಹೋದ ಕಡೆಯೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಬರೆದಿಡುತ್ತಿದ್ದೇನೆ.

1. ಯಂತ್ರದ ಪೂರ್ವಾಶ್ರಮ ವಿಚಾರಿಸಿ

ಬಣ್ಣ ನೋಡಬೇಡಿ. ಮಾರುವ ಮುಂಚೆ ಬಣ್ಣ ಬಳಿಯುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಈ ಗರಗಸ ಇಷ್ಟು ವರ್ಷ ಏನು ಕೊಯ್ದಿದೆ, ಯಾರ ಕೈಯಲ್ಲಿತ್ತು, ಎಂಥ ಕರೆಂಟಿನಲ್ಲಿ ಓಡಿತು, ಇವು ಗೊತ್ತಾದರೆ ಯಾವ ಭಾಗ ಸವೆದಿರುತ್ತದೆ ಎಂದು ಮುಟ್ಟುವ ಮೊದಲೇ ಹೇಳಬಹುದು.

ನಮ್ಮ ಕಡೆ ಹಳೇ ಗರಗಸ ಬರುವ ದಾರಿಗಳು ನಾಲ್ಕೈದೇ. ಕಟ್ಟಡದ ಕೆಲಸ ಮುಗಿದ ಮೇಲೆ ಗುತ್ತಿಗೆದಾರರು ಮಾರುವ ಶಟರಿಂಗ್ ಗರಗಸ ಬಲು ಅಗ್ಗ. ಅದು ಸಿಮೆಂಟು ಮೆತ್ತಿದ, ಮೊಳೆ ಉಳಿದ ಹಲಗೆಗಳನ್ನೇ ತಿಂದು ಬದುಕಿರುತ್ತದೆ. ಸಿಮೆಂಟು ಧೂಳು ಬೇರಿಂಗಿನ ಗ್ರೀಸಿಗೆ ಸೇರಿದರೆ ಉಜ್ಜುವ ಪೇಸ್ಟೇ ಸರಿ. ಅದರ ಟೇಬಲ್ಲೂ ಬೀಡಿನದಲ್ಲ, ತಗಡನ್ನು ಆಂಗಲ್ ಮೇಲೆ ವೆಲ್ಡ್ ಮಾಡಿದ್ದು. ಮನೆಯ ಸೂಕ್ಷ್ಮ ಕೆಲಸಕ್ಕೆ ಅದು ಬೇಡ. ಫರ್ನಿಚರ್ ಅಂಗಡಿಯಲ್ಲಿ ದುಡಿದ ಗರಗಸದ ಶಾಫ್ಟು ಸವೆದಿರಬಹುದು, ಆದರೆ ಟೇಬಲ್ಲನ್ನು ಯಾರೂ ಸುತ್ತಿಗೆಯಲ್ಲಿ ಬಡಿದಿರುವುದಿಲ್ಲ. ಸಾಮಿಲ್ಲಿನಿಂದ ಬಂದದ್ದು ಆನೆಬಲದ್ದು. ಮನೆಯ ಕರೆಂಟಿಗೂ ಜಾಗಕ್ಕೂ ಒಗ್ಗುವುದಿಲ್ಲ, ಕಾನೂನಿನ ತಕರಾರು ಬೇರೆ. ಅದನ್ನು ಮುಂದೆ ಹೇಳುತ್ತೇನೆ. ಐಟಿಐಗಳ ಹಳೇ ಯಂತ್ರ ಹರಾಜಿಗೆ ಬಂದರೆ ಮಾತ್ರ ಊಟ ಬಿಟ್ಟಾದರೂ ಹೋಗಿ. ಹುಡುಗರು ಕಲಿಯಲು ಬಳಸಿದ್ದು, ಅದೂ ಮೇಷ್ಟರು ಎದುರಿಗಿದ್ದಾಗ ಮಾತ್ರ. ದುಡಿದದ್ದು ಕಡಿಮೆ, ನಿಂತದ್ದೇ ಹೆಚ್ಚು.

ನಿಂತದ್ದಕ್ಕೂ ಅದರದೇ ರೋಗಗಳಿವೆ. “ಯಜಮಾನ್ರೆ, ವರ್ಷಗಟ್ಟಲೆ ಮುಟ್ಟೇ ಇಲ್ಲ, ಹೊಸದಿದ್ದಂಗೈತೆ” ಎಂದು ಮಾರುವವರು ಹೇಳಿದರೆ ನಾನು ಮೋಟಾರಿನ ಹಿಂದಿನ ಮುಚ್ಚಳ ಬಿಚ್ಚಿಸುತ್ತೇನೆ. ಇಲಿ ಗೂಡು ಕಟ್ಟಿರುತ್ತದೆ, ವೈಂಡಿಂಗಿನ ಮೇಲಿನ ದಾರ ಕಡಿದಿರುತ್ತದೆ. ಬೆಲ್ಟು ಪುಲ್ಲಿಯ ಆಕಾರಕ್ಕೇ ಗಟ್ಟಿಯಾಗಿರುತ್ತದೆ. ಬೇರಿಂಗಿನ ಗ್ರೀಸು ಮೇಣವಾಗಿರುತ್ತದೆ. ಇವೆಲ್ಲ ಸಣ್ಣ ಖರ್ಚು, ಹೆದರಬೇಕಿಲ್ಲ. ಆದರೆ ‘ಹೊಸದಿದ್ದಂಗೆ’ ಅನ್ನುವ ಮಾತಿಗೆ ಬೆಲೆ ಕಟ್ಟಬೇಕಿಲ್ಲ ಅಷ್ಟೆ.

ನಮ್ಮ ಸೀಮೆಗೆ ಒಂದು ಅನುಕೂಲ ಇದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲೂಕುಗಳು ಇವು. ಬರವನ್ನು ಶಪಿಸುವ ಬಾಯಿಂದಲೇ ಹೇಳಬೇಕು: ಇಲ್ಲಿ ನಿಂತ ಕಬ್ಬಿಣಕ್ಕೆ ತುಕ್ಕು ಬೇಗ ಹತ್ತುವುದಿಲ್ಲ. ಕರಾವಳಿಯಿಂದಲೋ ಮಲೆನಾಡಿನಿಂದಲೋ ಬಂದ ಯಂತ್ರದ ಟೇಬಲ್ಲಿನಲ್ಲಿ ತುಕ್ಕು ಕೊರೆದ ಗುಳಿಗಳು ಕಾಣುತ್ತವೆ. ಚಳ್ಳಕೆರೆಯ ಶೆಡ್ಡಿನಲ್ಲಿ ಮೂಲೆಗೆ ಬಿದ್ದದ್ದಕ್ಕೆ ಮೇಲೆ ಒಂದು ಕಂದು ಪೊರೆ, ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ.

2. ನಿಮಗೆ ಬೇಕಾದ ಅತಿ ಉದ್ದದ ತುಂಡು ಯಾವುದು?

ಗರಗಸ ನೋಡಲು ಹೋಗುವ ಮೊದಲು ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಉತ್ತರ ಮಗ್ಗದ ಹಲಗೆ. ಸೀರೆಯ ಅಗಲವೇ ನಾಲ್ಕಡಿ ಹತ್ತಿರ. ಎರಡು ಬದಿಯ ಲಾಳಿ ಪೆಟ್ಟಿಗೆಯ ಜಾಗ ಸೇರಿದರೆ ಹಲಗೆ ಆರಡಿ ದಾಟುತ್ತದೆ. ಅಷ್ಟುದ್ದಕ್ಕೂ ಅಂಚು ದಾರ ಹಿಡಿದಷ್ಟು ನೇರ ಇರಬೇಕು. ಒಂದು ಕಡೆ ಕೂದಲೆಳೆ ತಗ್ಗಿದ್ದರೂ ಲಾಳಿ ಅಲ್ಲಿ ತಲೆ ಎತ್ತುತ್ತದೆ, ರೇಷ್ಮೆ ಎಳೆ ಕಡಿಯುತ್ತದೆ. ಮೊಳಕಾಲ್ಮೂರಿನಲ್ಲಿ ಒಬ್ಬರು ಹಿರಿಯ ನೇಕಾರರು ನಾನು ಕೊಟ್ಟ ಹಲಗೆಯನ್ನು ಅಳತೆಪಟ್ಟಿಯಲ್ಲಿ ನೋಡುವುದೇ ಇಲ್ಲ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚುತ್ತಾರೆ. ಆಮೇಲೆ ಬರಿ ಲಾಳಿಯನ್ನು ಅದರ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ನೂಕಿ, ಸದ್ದು ಕೇಳುತ್ತಾರೆ. “ಇಲ್ಲಿ ಏನೋ ಐತೆ ನೋಡಪ್ಪ” ಎಂದು ಅವರು ಉಗುರಿಟ್ಟ ಜಾಗದಲ್ಲಿ ಏನೋ ಇದ್ದೇ ಇರುತ್ತದೆ.

ಹಾಗಾಗಿ ನನಗೆ ಬೇಕಾದ್ದು ಉದ್ದಕ್ಕೆ ಸೀಳುವಾಗ ನೇರ ಹೋಗುವ ಗರಗಸ. ಓರೆ ಕೊಯ್ಯುವ ಸೌಕರ್ಯ, ಬ್ಲೇಡು ವಾಲಿಸುವ ಚಕ್ರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಿಮ್ಮದು ಪ್ಲೈವುಡ್ ಕಪಾಟಿನ ಕೆಲಸವಾದರೆ ಲೆಕ್ಕ ತಿರುವುಮುರುವು: ಎಂಟಡಿ ನಾಲ್ಕಡಿ ಹಾಳೆಯನ್ನು ಹೊರುವ ಅಗಲದ ಟೇಬಲ್ ಬೇಕು. ಆಟಿಕೆ, ಫೋಟೋ ಕಟ್ಟುವ ಕೆಲಸವಾದರೆ ಈಗ ಬರುವ ಹತ್ತಿಂಚಿನ ಸಣ್ಣ ಗರಗಸವೇ ಸಾಕು, ಎತ್ತಿ ಗೋಡೆ ಪಕ್ಕ ಇಡಬಹುದು. ಇಷ್ಟು ತೀರ್ಮಾನಿಸದೆ ಹೋದವರು ಮಾರುವವನ ಬಳಿ ಇರುವುದನ್ನೇ ‘ನನಗೆ ಬೇಕಾದದ್ದು ಇದೇ’ ಅಂದುಕೊಂಡು ಬರುತ್ತಾರೆ.

3. ಜೀವ ಇರುವುದು ಶಾಫ್ಟಿನಲ್ಲಿ

ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸಬಹುದು. ಬೆಲ್ಟು, ಬೇರಿಂಗು, ಸ್ವಿಚ್ಚು ಅಂಗಡಿಯಲ್ಲಿ ಸಿಗುತ್ತವೆ. ಬ್ಲೇಡು ಹೊತ್ತು ತಿರುಗುವ ಶಾಫ್ಟು ಬಾಗಿದ್ದರೆ, ಅದರ ಮೇಲಿನ ಫ್ಲೇಂಜು ಸವೆದಿದ್ದರೆ ಮಾತ್ರ ಮೊದಲು ಲೇತಿನವರ ಹತ್ತಿರ, ಆಮೇಲೆ ದೇವರ ಹತ್ತಿರ.

ನಾನು ನೋಡುವ ಕ್ರಮ ಹೀಗೆ. ಮೊದಲು ಮೇನ್ ಆಫ್ ಮಾಡಿಸಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಬೆಲ್ಟು ಕಳಚಿ ಶಾಫ್ಟನ್ನು ಕೈಯಿಂದ ತಿರುಗಿಸುತ್ತೇನೆ. ಒಳ್ಳೆಯ ಬೇರಿಂಗು ಸದ್ದಿಲ್ಲದೆ ಸುತ್ತಿ ನಿಧಾನಕ್ಕೆ ನಿಲ್ಲುತ್ತದೆ. ಸವೆದದ್ದು ಗರಗರ ಅನ್ನುತ್ತದೆ, ಇಲ್ಲವೇ ಒಂದು ಕಡೆ ಹಿಡಿದು ನಿಲ್ಲುತ್ತದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಸದ್ದು ಸ್ಪಷ್ಟ. ಆಮೇಲೆ ಶಾಫ್ಟಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಸಿಕ್ಕಿದರೆ ತಪ್ಪು ಬೇರಿಂಗಿನದೋ ಬೇರಿಂಗಿನ ಮನೆಯದೋ ತಿಳಿಯಬೇಕು. ಬೇರಿಂಗು ಕೆಲವು ನೂರು ರೂಪಾಯಿಯ ಮಾತು. ಮನೆಯೇ ಸವೆದಿದ್ದರೆ ಹೊಸ ಬೇರಿಂಗು ಹಾಕಿದರೂ ಅದೇ ಆಟ.

ಆಮೇಲೆ ಬ್ಲೇಡು ಬಿಚ್ಚಿ ಫ್ಲೇಂಜಿನ ಮುಖಕ್ಕೆ ಡಯಲ್ ಗೇಜು ಇಟ್ಟು ಒಂದು ಸುತ್ತು. ಡಯಲ್ ಗೇಜು ಲೇತ್ ಇರುವ ಯಾರ ಹತ್ತಿರವಾದರೂ ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ಅದರಲ್ಲಿ ಕಾಣುವ ಸಣ್ಣ ಸಂಖ್ಯೆ ನೋಡಿ ಸಮಾಧಾನ ಪಡಬಾರದು. ಫ್ಲೇಂಜಿನ ಅಗಲ 75 ಮಿಲಿಮೀಟರ್, ಬ್ಲೇಡಿನದು 300 ಎಂದಿಟ್ಟುಕೊಳ್ಳಿ. ಫ್ಲೇಂಜಿನಲ್ಲಿ 0.05 ಮಿಲಿಮೀಟರ್ ಓಲಾಟ ಇದ್ದರೆ ಬ್ಲೇಡಿನ ಅಂಚಿಗೆ ಬರುವಷ್ಟರಲ್ಲಿ ಅದು ನಾಲ್ಕು ಪಟ್ಟು, ಅಂದರೆ 0.2 ಮಿಲಿಮೀಟರ್. ಮರದ ಮೇಲೆ ಗೀರುಗಳು ಮೂಡುತ್ತವೆ. ಗೇಜು ಸಿಗದಿದ್ದರೆ ಸಮ ಇರುವ ಹೊಸ ಬ್ಲೇಡು ಹಾಕಿ, ಒಂದು ಹಲ್ಲಿನ ಪಕ್ಕಕ್ಕೆ ತಾಗಿಯೂ ತಾಗದಂತೆ ಕಟ್ಟಿಗೆ ತುಂಡು ಇಟ್ಟು ಕೈಯಲ್ಲಿ ಸುತ್ತಿಸಿದರೆ ಸಂದು ದೊಡ್ಡದಾಗುವುದು, ಚಿಕ್ಕದಾಗುವುದು ಕಣ್ಣಿಗೇ ಕಾಣುತ್ತದೆ.

ಫ್ಲೇಂಜು, ನಟ್ಟು, ಥ್ರೆಡ್ಡು ಮೂರನ್ನೂ ಬೆರಳಿಟ್ಟು ನೋಡಿ. ನಟ್ಟು ಬ್ಲೇಡು ತಿರುಗುವ ದಿಕ್ಕಿನಿಂದ ತಾನೇ ಬಿಗಿಯಾಗುವಂತೆ ಇರಬೇಕು. ಯಾರೋ ಬೇರೆ ಶಾಫ್ಟು ಹಾಕಿ, ಥ್ರೆಡ್ಡು ಉಲ್ಟಾ ಆಗಿದ್ದರೆ ಓಡುವಾಗ ಸಡಿಲವಾಗುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಶಾಫ್ಟು ಬದಲಿಸುವ ತನಕ ಓಡಿಸಬೇಡಿ.

4. ಟೇಬಲ್ಲು ಮತ್ತು ಫೆನ್ಸು

ಬೀಡಿನ ಟೇಬಲ್ಲೇ ಆಗಲಿ. ಸ್ಟೀಲು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಆಚೆಯಿಂದ ಟಾರ್ಚು ಬಿಡಿ. ಬ್ಲೇಡಿನಿಂದ ದೂರ ಅಂಚಿನಲ್ಲಿ ಸ್ವಲ್ಪ ಬೆಳಕು ಬಂದರೆ ಚಿಂತೆಯಿಲ್ಲ. ಬ್ಲೇಡಿನ ಬಾಯಿ ಹತ್ತಿರವೇ ತಗ್ಗಿದ್ದರೆ ಬಿಡಿ. ಬಿರುಕು ಮುಚ್ಚಿ ವೆಲ್ಡ್ ಮಾಡಿದ ಬೀಡು ಕಂಡರೆ ಆ ವ್ಯಾಪಾರ ಅಲ್ಲಿಗೇ ಮುಗಿಯಿತು.

ಹಲಗೆಯನ್ನು ಒತ್ತಿಕೊಂಡು ನೂಕುವ ಪಕ್ಕದ ಆಸರೆ, ಅಂದರೆ ಫೆನ್ಸು, ನಮ್ಮ ನಾಡ ಯಂತ್ರಗಳಲ್ಲಿ ಎಂದೂ ಚೆನ್ನಾಗಿರುವುದಿಲ್ಲ. ಹಾಗಾಗಿ ಅದಕ್ಕೆ ಅಳಬೇಡಿ, ಬೇರೆ ಮಾಡಿಕೊಳ್ಳಬಹುದು. ಅಲ್ಯೂಮಿನಿಯಂ ಬಾಗಿಲು ಮಾಡುವವರ ಹತ್ತಿರ ದಪ್ಪ ಚೌಕ ಪೈಪು ಸಿಗುತ್ತದೆ. ಅದರಿಂದ ಮಾಡಿದ ಫೆನ್ಸು ಕಾರ್ಖಾನೆಯದಕ್ಕಿಂತ ನೇರ ಇರುತ್ತದೆ. ಆದರೆ ಟೇಬಲ್ಲಿನ ಗಾಡಿ, ಅಂದರೆ ಓರೆಗೇಜು ಜಾರುವ ಕಾಲುವೆ, ಬ್ಲೇಡಿಗೆ ಸಮಾನಾಂತರ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ. ಆ ಹಲ್ಲನ್ನು ಮುಂದೆ ತಂದು ಕಾಲುವೆಯಿಂದ ಅಳೆಯಿರಿ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಬೇರೆ ಹಲ್ಲು ಅಳೆದರೆ ಬ್ಲೇಡಿನ ಓಲಾಟವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ವ್ಯತ್ಯಾಸ ಇದ್ದರೆ ಶಾಫ್ಟಿನ ಬೇರಿಂಗ್ ಬೋಲ್ಟುಗಳ ತೂತಿನಲ್ಲಿ ಸರಿಸಿ ಕೂರಿಸುವಷ್ಟು ಜಾಗ ಇದೆಯೇ ನೋಡಿ. ಜಾಗ ಇದ್ದರೆ ಅದು ಅರ್ಧ ದಿನದ ಕೆಲಸ.

ಓಡಿಸಿ ನೋಡುವಾಗ ಹಳೇ ದಪ್ಪ ಐದು ರೂಪಾಯಿ ನಾಣ್ಯವನ್ನು ಟೇಬಲ್ ಮೇಲೆ ಅಂಚಿನಲ್ಲಿ ನಿಲ್ಲಿಸಿ. ಯಂತ್ರ ಪೂರ್ತಿ ವೇಗಕ್ಕೆ ಬಂದ ಮೇಲೂ ನಿಂತಿದ್ದರೆ ಹೊಗಳಿಕೆಗೆ ಯೋಗ್ಯ. ಮಾರುವವರ ಎದುರು ಮಾತ್ರ ಹೊಗಳಬೇಡಿ.

5. ಎಣ್ಣೆ ಮಿಲ್ಲಿನ ಮೋಟಾರು ಸಿಕ್ಕರೆ ಬಿಡಬೇಡಿ

ಚಳ್ಳಕೆರೆಗೆ ಎಣ್ಣೆ ನಗರ ಅನ್ನುವ ಹೆಸರು ಬಂದದ್ದು ಶೇಂಗಾದಿಂದ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಗೆ ಪೈಪೋಟಿ ಬಂತು, ಜೊತೆಗೆ ಮಳೆಯೂ ಕೈ ಕೊಡುತ್ತಾ ಬಂತು. ಬಾಗಿಲು ಹಾಕಿದ ಮಿಲ್ಲುಗಳ ಸಾಮಾನು ಇವತ್ತಿಗೂ ಗುಜರಿಗೆ ಬರುತ್ತಿರುತ್ತದೆ. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನ ದೊಡ್ಡ ಮೋಟಾರು ನಮಗೆ ಬೇಡ. ಕಾಯಿ ಮೇಲೆತ್ತುವ, ಜರಡಿ ಆಡಿಸುವ ಚಿಕ್ಕ ಮೋಟಾರುಗಳು ಬೇಕು. ಎರಡು, ಮೂರು ಎಚ್‌ಪಿಯವು. ದಿನವಿಡೀ ಓಡಲು ಮಾಡಿದವು, ಮೈ ಎಲ್ಲಾ ಬೀಡು, ಎತ್ತಲು ಇಬ್ಬರು ಬೇಕು.

ಮೋಟಾರಿನ ತಗಡಿನಲ್ಲಿ ಎನ್‌ಜಿಇಎಫ್ ಎಂದಿದ್ದರೆ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡುತ್ತೇನೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿದ್ದ ಆ ಸರ್ಕಾರಿ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಮೋಟಾರುಗಳು ಇನ್ನೂ ಓಡುತ್ತಿವೆ. ಕಿರ್ಲೋಸ್ಕರ್, ಕ್ರಾಂಪ್ಟನ್ ಹಳೆಯವೂ ಗಟ್ಟಿ. ಹೆಸರಿಗಿಂತ ಮುಖ್ಯ ತಗಡಿನ ಮೇಲಿನ ಅಂಕಿಗಳು: ಎಷ್ಟು ಫೇಸು, ಎಷ್ಟು ಎಚ್‌ಪಿ, ನಿಮಿಷಕ್ಕೆ ಎಷ್ಟು ಸುತ್ತು. ತಗಡು ಕಿತ್ತು ಹೋಗಿದ್ದರೆ, ಅಥವಾ ಹೊಸ ರಿವೆಟ್ಟಿನಲ್ಲಿ ಕೂತಿದ್ದರೆ, ಅನುಮಾನ ಪಡಿ.

ಮುಚ್ಚಳ ತೆಗೆದಾಗ ಸುಟ್ಟ ವಾರ್ನಿಷಿನ ವಾಸನೆ ಬಂದರೆ ಅದು ಒಮ್ಮೆ ಬೆಂದ ಮೋಟಾರು. ವೈಂಡಿಂಗ್ ಮಾಡಿಸಿದ್ದು ತಪ್ಪಲ್ಲ, ಯಾರು ಮಾಡಿದರು ಎಂದು ಕೇಳಿ. ಬೋರ್‌ವೆಲ್ ಪಂಪು ಕಟ್ಟುವ ಅಂಗಡಿಗಳು ನಮ್ಮಲ್ಲಿ ಬೀದಿಬೀದಿಗೆ ಇವೆ, ಅವರಲ್ಲಿ ಒಬ್ಬರನ್ನು ಕರೆದೊಯ್ದು ಮೆಗ್ಗರ್ ಹಚ್ಚಿಸಿ ಇನ್ಸುಲೇಷನ್ ನೋಡಿಸಿ. ಮೂರು ಫೇಸಿನದಾದರೆ ಬರಿದೇ ಓಡಿಸಿ ಮೂರೂ ವೈರುಗಳ ಕರೆಂಟು ಕ್ಲ್ಯಾಂಪ್ ಮೀಟರಿನಲ್ಲಿ ನೋಡಿಸಿ. ಒಂದಕ್ಕೊಂದು ಹತ್ತಿರ ಇರಬೇಕು.

ಗರಗಸದ ವೇಗ ಪುಲ್ಲಿಯಲ್ಲಿದೆ. 1440 ಸುತ್ತಿನ ಮೋಟಾರಿಗೆ ಆರಿಂಚು ಪುಲ್ಲಿ, ಶಾಫ್ಟಿಗೆ ಮೂರಿಂಚು ಇದ್ದರೆ ಬ್ಲೇಡು ಸುಮಾರು 2880 ತಿರುಗುತ್ತದೆ. ಹನ್ನೆರಡಿಂಚು ಬ್ಲೇಡಿನ ಹಲ್ಲು ಆಗ ಗಂಟೆಗೆ 165 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಇದಕ್ಕಿಂತ ಬೇಗ ಕೊಯ್ಯಲಿ ಎಂದು ಯಾರೋ ದೊಡ್ಡ ಪುಲ್ಲಿ ಹಾಕಿರಬಹುದು. ಪುಲ್ಲಿಗಳನ್ನು ಅಳೆದು ಲೆಕ್ಕ ಹಾಕಿ, ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗದೊಳಗೆ ಇದೆಯೇ ನೋಡಿ.

6. ಕರೆಂಟು ನೋಡದೆ ಗರಗಸ ನೋಡಬೇಡಿ

ಕೊಂಡವರು ಹೆಚ್ಚು ಒದ್ದಾಡುವುದು ಇಲ್ಲೇ. ಮನೆಗೆ ಇರುವುದು ಒಂದು ಫೇಸು. ಅಗ್ಗಕ್ಕೆ ಸಿಕ್ಕಿದ್ದು ಮೂರು ಫೇಸಿನ ಮೋಟಾರು. ಬೆಸ್ಕಾಂ ಕಚೇರಿಯಲ್ಲಿ ಲೋಡು ಹೆಚ್ಚಿಸಿಕೊಂಡು ಮೂರು ಫೇಸು ಎಳೆಸುವ ಖರ್ಚು, ಓಡಾಟ ಎಷ್ಟಾಗುತ್ತದೆ ಎಂದು ವಿಚಾರಿಸಿ ಆಮೇಲೆ ಗರಗಸದ ಬೆಲೆ ಮಾತಾಡಿ. ಹಲವರಿಗೆ ಮೋಟಾರನ್ನಷ್ಟೇ ಬದಲಿಸುವುದೇ ಅಗ್ಗ.

ಒಂದು ಫೇಸಿನ ಮೂರು ಎಚ್‌ಪಿ ಮೋಟಾರು ಲೋಡಿನಲ್ಲಿ ಹದಿನೈದು ಆಂಪಿಯರ್ ಆಸುಪಾಸು ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಮೀಟರ್ ಬೋರ್ಡಿನಿಂದ ಹಿತ್ತಲ ಶೆಡ್ಡಿನ ತನಕ ಸಣ್ಣ ವೈರು ಎಳೆದಿದ್ದರೆ ದಾರಿಯಲ್ಲೇ ವೋಲ್ಟೇಜು ಸೋರಿಹೋಗುತ್ತದೆ. ಬೇಸಿಗೆಯ ಸಂಜೆ ನಮ್ಮಲ್ಲಿ 230 ಬರುವ ಕಡೆ 180 ಬರುವುದು ಹೊಸದಲ್ಲ. ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ; 180ರಲ್ಲಿ ಅದಕ್ಕೆ ಉಳಿಯುವುದು ನೂರಕ್ಕೆ ಅರವತ್ತರಷ್ಟು ಬಲ. ಮರದ ಮಧ್ಯೆ ಬ್ಲೇಡು ಕಚ್ಚಿ ನಿಲ್ಲುತ್ತದೆ, ಮೋಟಾರು ಗುಂಯ್ ಅನ್ನುತ್ತಾ ಕಾಯುತ್ತದೆ. ದಪ್ಪ ವೈರಿಗೆ ದುಡ್ಡು ಹಾಕಿ, ಸರಿಯಾದ ಅರ್ಥಿಂಗ್ ಕೊಡಿಸಿ.

ಮೂರು ಫೇಸು ಇದ್ದವರಿಗೆ ಒಂದು ಫೇಸು ಹೋಗುವ ಕಾಟ. ಇದನ್ನು ಬೋರ್‌ವೆಲ್ ಇರುವ ಯಾವ ರೈತನಿಗೂ ವಿವರಿಸಬೇಕಿಲ್ಲ. ಓವರ್‌ಲೋಡ್ ರಿಲೇ, ಫೇಸು ಹೋದರೆ ಬೀಳಿಸುವ ಪ್ರಿವೆಂಟರ್ ಎರಡೂ ಇರಲಿ.

ಎಲ್ಲಕ್ಕಿಂತ ಮುಖ್ಯ ಸ್ಟಾರ್ಟರ್. ಹಳೇ ಗರಗಸಗಳಲ್ಲಿ ಅರ್ಧಕ್ಕರ್ಧ ಬರಿ ಸ್ವಿಚ್ಚಿನಲ್ಲೋ ಎಂಸಿಬಿಯಲ್ಲೋ ಓಡುತ್ತಿರುತ್ತವೆ. ಕರೆಂಟು ಹೋಯಿತು, ನೀವು ಟೀ ಕುಡಿಯಲು ಹೊರಟಿರಿ, ಸ್ವಿಚ್ಚು ಹಾಗೇ ಇದೆ. ಮಗು ಶೆಡ್ಡಿಗೆ ಬಂದು ಟೇಬಲ್ ಮೇಲೆ ಕೈ ಇಟ್ಟಿದೆ. ಕರೆಂಟು ಬಂತು. ಕಾಯಿಲ್ ಇರುವ ಡಿಒಎಲ್ ಸ್ಟಾರ್ಟರ್ ಆದರೆ ಕರೆಂಟು ಹೋದಾಗ ತಾನೇ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಕದಲುವುದಿಲ್ಲ. ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೋ ಲೆಕ್ಕವಿಲ್ಲದ ಊರಿನಲ್ಲಿ ಸ್ಟಾರ್ಟರ್ ಇಲ್ಲದ ಗರಗಸ ಓಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೊಳ್ಳುವಾಗ ಪರೀಕ್ಷೆ ಸುಲಭ: ಓಡುತ್ತಿರುವಾಗ ಮೇನ್ ಇಳಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ದೂರ ನಿಂತು ಮೇನ್ ಎತ್ತಿ. ತಾನೇ ಓಡಿದರೆ ಸ್ಟಾರ್ಟರಿನ ಬೆಲೆಯನ್ನು ಯಂತ್ರದ ಬೆಲೆಯಲ್ಲಿ ಕಳೆಯಿರಿ.

2023ರಲ್ಲಿ ಬಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯನ್ನು ನೆಚ್ಚಿ ಗರಗಸ ಓಡಿಸುವ ಯೋಚನೆ ಕೆಲವರಿಗಿದೆ. ಅದು ಮನೆ ಬಳಕೆಗೆ, ಅದೂ ನಿಮ್ಮ ಹಿಂದಿನ ಸರಾಸರಿಯ ಮೇಲೆ ಸ್ವಲ್ಪವೇ ಸೇರಿಸಿ ಕಟ್ಟಿದ ಮಿತಿ. ಸ್ವಂತಕ್ಕೆ ಒಂದು ಮೇಜು ಮಾಡಿಕೊಳ್ಳುವುದು ಬೇರೆ. ಗಿರಾಕಿಗಳ ಕೆಲಸ ಹಿಡಿದರೆ ಬೇರೆ ಮೀಟರು ಹಾಕಿಸಿಕೊಳ್ಳುವುದೇ ಮರ್ಯಾದೆ.

7. ಜೊತೆಗೆ ಬಂದ ಬ್ಲೇಡಿಗೆ ಬೆಲೆ ಕೊಡಬೇಡಿ

ಅದನ್ನು ಗೋಡೆಗೆ ನೇತುಹಾಕಿ. ಹೊಸ ಬ್ಲೇಡು ತರುವಾಗ ಮಧ್ಯದ ತೂತು ಅಳೆದುಕೊಂಡು ಹೋಗಿ, 25.4 ಮತ್ತು 30 ಮಿಲಿಮೀಟರ್ ಎರಡೂ ಸಿಗುತ್ತವೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸೀಳಲು ಕಡಿಮೆ ಹಲ್ಲು, ಪ್ಲೈವುಡ್ಡಿಗೆ ಹೆಚ್ಚು ಹಲ್ಲು.

8. ಬಳ್ಳಾರಿ ಜಾಲಿ ಕೊಯ್ಯುವವರು ಇದನ್ನು ಓದಲೇಬೇಕು

ತೇಗ ಸಾಧು ಮರ. ನಮ್ಮ ಕಡೆ ಕೈಗೆ ಸಿಗುವುದು ಕರಿಜಾಲಿ, ಬೇವು, ಹುಣಸೆ. ಪುಕ್ಕಟೆ ಸಿಗುವುದು ಬಳ್ಳಾರಿ ಜಾಲಿ. ನೀರಿಲ್ಲದೆ, ಗಾಳಿಗೆ ತಿರುಚಿಕೊಂಡು ಬೆಳೆದ ಮರಗಳು. ಹಲಗೆಯ ಒಳಗೆ ಬಿಗಿ ತುಂಬಿರುತ್ತದೆ. ಅರ್ಧ ಸೀಳುವ ಹೊತ್ತಿಗೆ ಎರಡು ಹೋಳೂ ಒಂದನ್ನೊಂದು ಒತ್ತಿ ಬ್ಲೇಡಿನ ಹಿಂಭಾಗವನ್ನು ಕಚ್ಚುತ್ತವೆ. ಹಿಂದಿನ ಹಲ್ಲುಗಳು ಮೇಲೇಳುತ್ತಾ ಇರುತ್ತವಲ್ಲ, ಹಲಗೆಯನ್ನು ಎತ್ತಿ ಎದುರಿಗೆ ನಿಂತವನ ಹೊಟ್ಟೆಗೆ ಎಸೆಯುತ್ತವೆ.

ಇದನ್ನು ತಡೆಯುವುದು ಬ್ಲೇಡಿನ ಹಿಂದೆ ನಿಲ್ಲುವ ಒಂದು ಸ್ಟೀಲು ಪಟ್ಟಿ. ಕೊಯ್ದ ಸಂದಿನಲ್ಲಿ ಅದು ನುಗ್ಗಿ ಹೋಳುಗಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಹಳೇ ನಾಡ ಯಂತ್ರಗಳಲ್ಲಿ ಇದು ಇರುವುದೇ ಅಪರೂಪ, ಇದ್ದದ್ದನ್ನೂ ‘ಅಡ್ಡ ಬರುತ್ತೆ’ ಎಂದು ಬಿಚ್ಚಿ ಎಸೆದಿರುತ್ತಾರೆ. ಸಮಾಧಾನದ ವಿಷಯ ಎಂದರೆ ನಮ್ಮಲ್ಲಿ ಸಿಗುವ ಹೆಚ್ಚಿನ ಹಳೇ ಮಾದರಿಗಳಲ್ಲಿ ಬ್ಲೇಡು ಇದ್ದಲ್ಲೇ ಇರುತ್ತದೆ, ಟೇಬಲ್ಲೇ ಮೇಲೆ ಕೆಳಗೆ ಆಗುತ್ತದೆ. ಹಾಗಾಗಿ ಪಟ್ಟಿಯನ್ನು ಫ್ರೇಮಿಗೇ ಬೋಲ್ಟು ಹಾಕಿ ನಿಲ್ಲಿಸಬಹುದು, ಫ್ಯಾಬ್ರಿಕೇಷನ್ ಅಂಗಡಿಯವರಿಗೆ ಒಂದು ಗಂಟೆಯ ಕೆಲಸ. ದಪ್ಪ ಮಾತ್ರ ಲೆಕ್ಕದಲ್ಲಿರಲಿ: ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಕೊಯ್ಯುವ ಸಂದಿಗಿಂತ ತೆಳು. ತಗಡು 2.2, ಸಂದು 3.2 ಮಿಲಿಮೀಟರ್ ಇದ್ದರೆ ಪಟ್ಟಿ ಎರಡೂವರೆಯಿಂದ ಎರಡೂಮುಕ್ಕಾಲು. ಹಿಂದಿನ ಹಲ್ಲಿಗೂ ಪಟ್ಟಿಗೂ ನಡುವೆ ಐದಾರು ಮಿಲಿಮೀಟರ್ ಸಾಕು. ಮಗ್ಗದ ಹಳೇ ಮರ ಸೀಳುವವರು ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ.

ಅಮೆರಿಕದಲ್ಲಿ ಸ್ಟೀವ್ ಗ್ಯಾಸ್ ಎಂಬ ಪೇಟೆಂಟ್ ವಕೀಲ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, 1999ರಲ್ಲಿ ಒಂದು ಉಪಾಯ ಕಂಡುಹಿಡಿದರು. ಬ್ಲೇಡಿಗೆ ಬೆರಳು ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ತಿಳಿದು, ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟರಲ್ಲಿ ಅಲ್ಯೂಮಿನಿಯಂ ಗಟ್ಟಿಯೊಂದು ಬ್ಲೇಡನ್ನು ಕಚ್ಚಿ ನಿಲ್ಲಿಸುತ್ತದೆ. ಸಾಸ್ಟಾಪ್ ಎಂಬ ಹೆಸರಿನಲ್ಲಿ ಮಾರಾಟಕ್ಕಿದೆ. ಚಳ್ಳಕೆರೆಯ ಗುಜರಿಗೆ ಅದು ಬರುವ ಕಾಲ ಹತ್ತಿರದಲ್ಲಿ ಕಾಣುತ್ತಿಲ್ಲ. ಅಲ್ಲಿಯವರೆಗೆ ಕೈಗೆ ಬದಲು ಕಟ್ಟಿಗೆಯ ನೂಕುಗೋಲು, ಹಲಗೆಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುವ ಅಭ್ಯಾಸ. ಕೈಗವಸು ಬೇಡ, ಅದನ್ನೇ ಹಲ್ಲು ಎಳೆದುಕೊಳ್ಳುತ್ತದೆ. ಇನ್ನೊಂದು ಹೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ: ಹೆಗಲ ಮೇಲಿನ ಟವಲ್ಲನ್ನು ಶೆಡ್ಡಿನ ಬಾಗಿಲಲ್ಲೇ ಗೂಟಕ್ಕೆ ಹಾಕಿ ಒಳಗೆ ಬನ್ನಿ.

9. ದಿಮ್ಮಿ ತಂದವರನ್ನು ವಾಪಸು ಕಳಿಸಿ

ಗರಗಸ ಬಂದ ಸುದ್ದಿ ಓಣಿಗೆ ಹಬ್ಬುತ್ತಲೇ “ಅಣ್ಣಾ, ನಮ್ ಹೊಲದ್ದು ಒಂದ್ ಬೇವಿನ ಮರ ಐತೆ, ಸೀಳಿಕೊಡು” ಎಂದು ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. ನಯವಾಗಿ ಬೇಡ ಅನ್ನಿ. ದಿಮ್ಮಿ ಸೀಳುವುದು ಸಾಮಿಲ್ಲಿನ ಕೆಲಸ, ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಸಾಮಿಲ್ಲುಗಳ ಮೇಲಿನ ಹಿಡಿತ ದೇಶದಲ್ಲೆಲ್ಲ ಬಿಗಿಯಾಗಿದೆ. ನಿಮ್ಮ ಗರಗಸದ ಅಳತೆ, ಮೋಟಾರಿನ ಎಚ್‌ಪಿ ಬರೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿ ಬನ್ನಿ. ಹಲಗೆ ಕೊಂಡ ಬಿಲ್ಲುಗಳನ್ನು ಒಂದು ಫೈಲಿನಲ್ಲಿಡಿ.

10. ಬೆಲೆ

ಚೌಕಾಸಿಯನ್ನು ಮೇಲಿನಿಂದ ಕೆಳಕ್ಕೆ ಮಾಡಿದರೆ ಮಾರುವವನು ಗೆಲ್ಲುತ್ತಾನೆ. ಕೆಳಗಿನಿಂದ ಮೇಲಕ್ಕೆ ಕಟ್ಟಿ. ಆ ವಾರ ಬೀಡಿನ ಗುಜರಿ ದರ ಎಷ್ಟಿದೆ ಕೇಳಿಕೊಂಡು ಟೇಬಲ್ಲು, ಫ್ರೇಮಿನ ತೂಕಕ್ಕೆ ಹಾಕಿ. ಅದಕ್ಕೆ ಓಡುವ ಮೋಟಾರಿನ ಹಳೇ ಬೆಲೆ ಸೇರಿಸಿ. ಇದು ತಳ. ಶಾಫ್ಟು ನೇರ ಇದ್ದು, ಟೇಬಲ್ಲು ಮಟ್ಟವಾಗಿದ್ದರೆ ಆ ತಳದ ಮೇಲೆ ಧಾರಾಳವಾಗಿ ಕೊಡಿ, ಅದಕ್ಕೆ ಬೆಲೆ ಇದೆ. ಆಮೇಲೆ ಸ್ಟಾರ್ಟರು, ಬೇರಿಂಗು, ಬೆಲ್ಟು, ಬ್ಲೇಡಿನ ಹಿಂದಿನ ಪಟ್ಟಿ, ಫೆನ್ಸು, ವೈರಿಂಗು, ಸಾಗಣೆ ಒಂದೊಂದಾಗಿ ಕಳೆಯಿರಿ. ಕಳೆಯುವುದನ್ನು ಮಾರುವವನ ಎದುರೇ ಬರೆಯಿರಿ, ಬಾಯಲ್ಲಿ ಬೇಡ. ಬರೆದದ್ದಕ್ಕೆ ಜನ ವಾದ ಮಾಡುವುದು ಕಡಿಮೆ. ಕೊನೆಗೆ ಉಳಿದ ಮೊತ್ತ ಹೊಸದರ ಅರ್ಧ ದಾಟಿದರೆ ನಾನು ಟೀ ಕುಡಿದು ಎದ್ದು ಬರುತ್ತೇನೆ.

ಮುಚ್ಚಿದ ಮಿಲ್ಲು, ತೀರಿಹೋದ ಬಡಗಿಯ ಮನೆ, ಇಂಥ ಕಡೆ ಮಾತ್ರ ಈ ಲೆಕ್ಕದ ಚೀಟಿ ಹೊರಗೆ ತೆಗೆಯಬೇಡಿ. ಮನೆಯವರಿಗೆ ಯಂತ್ರದ ಬೆಲೆ ಗೊತ್ತಿರುವುದಿಲ್ಲ. ಗೊತ್ತಿರುವವರು ನೀವು, ನ್ಯಾಯವಾದದ್ದನ್ನು ನೀವೇ ಹೇಳಿ.

11. ತರುವ ದಿನ

ಇಡೀ ಯಂತ್ರವನ್ನು ಹಾಗೇ ಎತ್ತಬೇಡಿ. ಬೀಡು ಬಿದ್ದರೆ ಒಡೆಯುತ್ತದೆ, ಬಾಗುವುದಿಲ್ಲ. ಟೇಬಲ್ಲು ಬೇರೆ, ಮೋಟಾರು ಬೇರೆ, ಫ್ರೇಮು ಬೇರೆ ಮಾಡಿ, ಟೇಬಲ್ಲನ್ನು ಮುಖ ಕೆಳಗಾಗಿ ಹಳೇ ಗೋಣಿಚೀಲ, ಹುಲ್ಲಿನ ಮೇಲೆ ಮಲಗಿಸಿ. ಟಾಟಾ ಏಸ್ ಸಾಕು. ಶಾಫ್ಟಿನ ತುದಿಗೆ ಬಟ್ಟೆ ಸುತ್ತಿ. ದಾರಿಯಲ್ಲಿ ಬಿದ್ದ ಒಂದೇ ಪೆಟ್ಟಿಗೆ ಥ್ರೆಡ್ಡು ಹಾಳಾಗುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ, ಬೇರಿಂಗಿನ ಕೆಳಗಿನ ತಗಡಿನ ಚೂರುಗಳ ಸಮೇತ. ಅವು ಕಸವಲ್ಲ, ಹಳೇ ಮೇಸ್ತ್ರಿ ಶಾಫ್ಟನ್ನು ಮಟ್ಟಕ್ಕೆ ತರಲು ಇಟ್ಟದ್ದು. ಯಾವುದು ಎಲ್ಲಿತ್ತೋ ಅಲ್ಲೇ ಹೋಗಬೇಕು.

ನೇಕಾರರ ಮನೆಯಲ್ಲಿ ಗರಗಸ ಇಡುವವರು ಮಗ್ಗದ ಕೋಣೆಗೂ ಅದಕ್ಕೂ ನಡುವೆ ಗೋಡೆ ಇರುವಂತೆ ನೋಡಿಕೊಳ್ಳಿ. ರೇಷ್ಮೆ ಹಾಸಿನ ಮೇಲೆ ಕೂತ ಹೊಟ್ಟನ್ನು ಊದಿ ತೆಗೆಯಬಹುದು, ಆದರೆ ಜಾಲಿಯ ಹೊಟ್ಟಿಗೆ ಬೆವರ ಹನಿ ಸೇರಿದರೆ ಕಲೆ ನಿಲ್ಲುತ್ತದೆ.

ಜೋಡಿಸಿ ಆದ ಮೇಲೆ ಬ್ಲೇಡು ಹಾಕುವ ಮೊದಲು ಬೆಲ್ಟು ಬಿಚ್ಚಿಟ್ಟು ಬರಿ ಮೋಟಾರು ಓಡಿಸಿ, ಯಾವ ಕಡೆ ತಿರುಗುತ್ತದೆ ನೋಡಿ. ಮೂರು ಫೇಸಿನ ಮೋಟಾರು ಹೊಸ ಜಾಗದಲ್ಲಿ ಉಲ್ಟಾ ತಿರುಗುವುದು ಸಾಮಾನ್ಯ; ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಮೇಲಿನ ಹಲ್ಲು ನಿಮ್ಮ ಕಡೆಗೆ ಬರುವಂತೆ ತಿರುಗಬೇಕು. ಅದು ಖಾತ್ರಿಯಾದ ಮೇಲೆ ಬೆಲ್ಟು, ಆಮೇಲೆ ಬ್ಲೇಡು, ಮೊದಲಿಗೆ ಒಂದು ಮೊಳದ ತೇಗದ ತುಂಡು. ಜಾಲಿ ನಾಳೆಗಿರಲಿ.